ಅಜ್ಜಿಯ ಪಾದಕ್ಕೊಂದು ಥರ್ಮೋಸ್ಟಾಟ್

ತುಪ್ಪ ಹಚ್ಚಿದರೆ ಬೆಣ್ಣೆಯಾಗುವ ಊರು ನಮ್ಮದು. ಶಿವಗಂಗೆಯ ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತೆ ಅನ್ನೋ ನಂಬಿಕೆ ನೀವೂ ಕೇಳಿರುತ್ತೀರಿ. ಇಂಥ ಊರಿನ ಮನೆಯೊಂದರ ನೆಲದಡಿ ಕರೆಂಟಿನ ಹೀಟರ್ ಹಾಕಿಸ್ತೀನಿ ಅಂತ ನಾನು ಹೇಳಿದಾಗ ಅಜ್ಜಿ ನಕ್ಕುಬಿಟ್ಟಳು. "ದೇವ್ರೇ ತಣ್ಣಗವ್ನೆ, ನೆಲುಕ್ಕ್ಯಾಕ್ಲಾ ಮಗ ಬಿಸಿ? ನಂಗೂ ಒಂದು ಬಲ್ಬ್ ಹಾಕ್ಬುಡು ಅತ್ಲಾಗೆ."

ನಿಜ ಹೇಳಬೇಕೆಂದರೆ ನಮ್ಮ ಕಡೆ ಇದು ಬೇಕಿಲ್ಲದ ಐಟಂ. ಧನುರ್ಮಾಸದಲ್ಲಿ ಬೆಟ್ಟದ ಬುಡದಲ್ಲಿ ಬೆಳಗಿನ ಜಾವ ಚಳಿ ಇರುತ್ತೆ, ಹಲ್ಲು ಕಟಕಟ ಅನ್ನುತ್ತೆ, ಎಂಟು ಗಂಟೆಗೆ ಬಿಸಿಲು ಬಂದರೆ ಮುಗೀತು. ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಷ್ಟಕ್ಕೆಲ್ಲ ಯಾರೂ ನೆಲ ಅಗೆಸಲ್ಲ.

ನಾವು ಅಗೆಸಿದ್ದಕ್ಕೆ ಕಾರಣ ಹಿಂದಿನ ವರ್ಷದ ಒಂದು ಗುಳ್ಳೆ.

ಅಜ್ಜಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹಳೇ ರೆಡ್ ಆಕ್ಸೈಡ್ ನೆಲ ತೆಗೆಸಿ ಟೈಲ್ಸ್ ಹಾಕಿಸಿದ ಮೇಲೆ "ಕಾಲು ಕೊರೀತದೆ" ಅಂತಿದ್ದಳು. ಅಮ್ಮ ಒಂದು ರಾತ್ರಿ ಬಿಸಿನೀರಿನ ಬ್ಯಾಗ್ ತುಂಬಿಸಿ ಪಾದದ ಹತ್ತಿರ ಇಟ್ಟಳು. ಬೆಳಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ. ಅಜ್ಜಿಗೆ ನೋವೇ ಗೊತ್ತಾಗಿಲ್ಲ, ರಾತ್ರಿಯಿಡೀ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾಳೆ. ಆ ಗಾಯ ಮಾಯೋಕೆ ಮೂರು ತಿಂಗಳು ಬೇಕಾಯಿತು. ಡಾಕ್ಟರು ನೈಲಾನ್ ಎಳೆಯಂಥದ್ದೊಂದನ್ನು ಪಾದದ ಹತ್ತು ಕಡೆ ಒತ್ತಿ "ಗೊತ್ತಾಗುತ್ತಾ ಅಜ್ಜಿ?" ಅಂತ ಕೇಳಿದರು. ಹತ್ತರಲ್ಲಿ ಎರಡು ಕಡೆ ಮಾತ್ರ "ಹ್ಞೂಂ" ಅಂದಳು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆ ಗೊತ್ತಾಗದಿದ್ದರೆ, ಪಾದಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳೋ ಶಕ್ತಿ ಹೋಗಿದೆ ಅಂತ ಅರ್ಥ.

ಸಾಕ್ಸ್ ಹಾಕಿ, ಮನೆಯೊಳಗೂ ಚಪ್ಪಲಿ ಹಾಕಿ ಅಂದರು ಡಾಕ್ಟರು. ಸಾಕ್ಸ್ ಸರಿ, ಒಂದು ದಿನ ಹಾಕಿದಳು. ಒಲೆ ಇರೋ ಮನೆಯೊಳಗೆ ಚಪ್ಪಲಿಯಾ? ಅಜ್ಜಿ ನೋಡಿದ ನೋಟಕ್ಕೆ ಆ ಮಾತು ಅಲ್ಲೇ ನಿಂತಿತು.

ಕೆನಡಾದಲ್ಲಿರೋ ಅಕ್ಕ ಫೋನಿನಲ್ಲಿ ಅಂದಳು, "ನಮ್ಮ ಬಾತ್‌ರೂಮಿನ ಟೈಲ್ಸ್ ಕೆಳಗೆ ವಯರ್ ಇದೆ ಕಣೋ, ನೆಲಾನೇ ಬೆಚ್ಚಗಿರುತ್ತೆ. ಅಜ್ಜಿ ರೂಮಿಗೆ ಹಾಕ್ಸು, ದುಡ್ಡು ನಾನು ಕೊಡ್ತೀನಿ." ಬಾತ್‌ರೂಮ್ ಸೋರುತ್ತಿದ್ದುದರಿಂದ ಹೇಗೂ ಟೈಲ್ಸ್ ಕೀಳಿಸಬೇಕಿತ್ತು. ಡಾಕ್ಟರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಮುಟ್ಟಿದರೆ ತಣ್ಣಗಿರಬಾರದು, ಬಿಸೀನೂ ಅನ್ನಿಸಬಾರದು. ಆ ಮಧ್ಯದಲ್ಲಿ ನಿಲ್ಲಿಸೋಕೆ ಆಗುತ್ತಾ?" ಅಂದರು. ಅದನ್ನು ನಿಲ್ಲಿಸೋದೇ ಥರ್ಮೋಸ್ಟಾಟ್.

ಹೀಟರ್ ಅಂದರೆ ಬಲೆಗೆ ಅಂಟಿಸಿದ ಉದ್ದನೆಯ ವಯರ್, ಅಷ್ಟೇ. ಅದಕ್ಕೆ ಬುದ್ಧಿ ಇಲ್ಲ. ಕರೆಂಟ್ ಕೊಟ್ಟರೆ ಕಾಯುತ್ತೆ, ಕೊಡ್ತಾನೇ ಇದ್ದರೆ ಕಾಯ್ತಾನೇ ಇರುತ್ತೆ. ಗೋಡೆಯ ಮೇಲೆ ಸ್ವಿಚ್‌ಬೋರ್ಡ್‌ನಷ್ಟೇ ದೊಡ್ಡದಾಗಿ ಕೂರೋ ಥರ್ಮೋಸ್ಟಾಟ್, ನೆಲದಲ್ಲಿ ಹೂತಿಟ್ಟ ಸೆನ್ಸರ್ ಹೇಳೋದನ್ನು ಕೇಳಿ ಆನ್ ಆಫ್ ಮಾಡುತ್ತೆ. ಇಡೀ ಕತೆ ಆ ಸೆನ್ಸರ್ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಇದು ನನಗೆ ಗೊತ್ತಾಗಿದ್ದು ಮಾತ್ರ ಆಮೇಲೆ.

ಹತ್ತಕ್ಕೆ ಹತ್ತರ ರೂಮು. ಮಂಚದ ಕೆಳಗೆ, ಟ್ರಂಕಿನ ಕೆಳಗೆ ವಯರ್ ಹಾಕಬಾರದು, ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ಮಂಚದಿಂದ ಬಾತ್‌ರೂಮ್ ಬಾಗಿಲವರೆಗೆ, ಅಲ್ಲಿಂದ ಕಿಟಕಿಯವರೆಗೆ ಅಂತ ನಾಲ್ಕು ಚದರ ಮೀಟರ್ ಲೆಕ್ಕ ಹಾಕಿದೆ. ಚದರ ಮೀಟರಿಗೆ 150 ವ್ಯಾಟ್‌ನಂತೆ ಒಟ್ಟು 600 ವ್ಯಾಟ್. ಮಿಕ್ಸಿಗಿಂತ ಸ್ವಲ್ಪ ಜಾಸ್ತಿ, ಗೀಸರಿಗಿಂತ ತುಂಬಾ ಕಮ್ಮಿ.

ದಾಬಸ್‌ಪೇಟೆಯಿಂದ ಬಂದ ಎಲೆಕ್ಟ್ರಿಷಿಯನ್ ಅಣ್ಣ ಇದನ್ನು ಮೊದಲು ನೋಡಿದ್ದೇ ನಮ್ಮ ಮನೆಯಲ್ಲಿ. ಆದರೆ ಹೆದರಲಿಲ್ಲ. "ಗೀಸರ್ ಕಾಯಿಲ್ ತರಾನೇ ಅಲ್ವಾ ಸಾರ್, ಉದ್ದ ಎಳೆದವ್ರೆ" ಅಂದ. ಮೊದಲು ಅರ್ಥಿಂಗ್ ನೋಡಿದ. ಮನೆ ಹಿಂದಿನ ಗುಂಡಿ ಒಣಗಿ ಹೋಗಿತ್ತು, ಹೊಸದಾಗಿ ಮಾಡಿಸಿದೆವು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ. ಒದ್ದೆ ಕಾಲಿನ ಕೆಳಗೆ ಕರೆಂಟ್ ಓಡಿಸುವಾಗ ಇವೆರಡರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ.

ಆಮೇಲೆ ಮಲ್ಟಿಮೀಟರ್. 230ರ ವರ್ಗವನ್ನು 600ರಿಂದ ಭಾಗಿಸಿದರೆ 88, ಅಂದರೆ ವಯರಿನ ರೆಸಿಸ್ಟೆನ್ಸ್ 88 ಓಮ್‌ನ ಆಸುಪಾಸು ಇರಬೇಕು. ಪೆಟ್ಟಿಗೆಯಿಂದ ತೆಗೆದಾಗ 89, ಹಾಸಿದ ಮೇಲೆ 89, ಟೈಲ್ಸ್ ಕೂತ ಮೇಲೂ 89. ಮೂರು ಸಲಾನೂ ಪುಸ್ತಕದಲ್ಲಿ ಬರೆದಿಟ್ಟೆ. ಗಾರೆಯವನ ಕರಣೆ ತಾಗಿ ಎಲ್ಲಾದರೂ ವಯರ್ ಕಟ್ ಆದರೆ ಗೊತ್ತಾಗೋದು ಹೀಗೇನೇ, ಟೈಲ್ಸ್ ಕೂತ ಮೇಲೆ ಗೊತ್ತಾದರೆ ಎಲ್ಲಾ ಮತ್ತೆ ಕೀಳಬೇಕು. ಕೆಳಗೆ ಥರ್ಮಾಕೋಲಿಗಿಂತ ಗಟ್ಟಿಯಾದ ಇನ್ಸುಲೇಶನ್ ಬೋರ್ಡ್ ಹಾಕಿದ್ದೆವು, ಇಲ್ಲದಿದ್ದರೆ ನಾವು ಕೊಟ್ಟ ಬಿಸಿಯಲ್ಲಿ ಬಹುಪಾಲು ಭೂತಾಯಿಗೇ.

ಸೆನ್ಸರನ್ನು ಮಲ್ಟಿಮೀಟರಿಗೆ ಸಿಕ್ಕಿಸಿದಾಗ ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಹುರುಳಿಕಾಯಿ ತುದಿಯಷ್ಟಿರೋ ಕರೀ ಮೂತಿ, ಹಿಂದೆ ಮೂರು ಮೀಟರ್ ಬಾಲ. 25 ಡಿಗ್ರಿಗೆ ಹತ್ತು ಕಿಲೋ ಓಮ್, ತಣ್ಣಗಾದರೆ ಏರುತ್ತೆ, ಬಿಸಿಯಾದರೆ ಇಳಿಯುತ್ತೆ. ಆ ಬೆಳಗ್ಗೆ ಹನ್ನೆರಡೂವರೆ ತೋರಿಸುತ್ತಿತ್ತು, ಅಂದರೆ ನೆಲ ಸುಮಾರು 20 ಡಿಗ್ರಿ. ಅಜ್ಜಿಯ ಅಂಗೈಗೆ ಕೊಟ್ಟೆ. ಮುಷ್ಟಿ ಹಿಡಿದಳು, ನಂಬರ್ ಸರಸರ ಇಳಿಯಿತು. ಕೈ ಬಿಟ್ಟಳು, ಏರಿತು. ಎರಡು ಮೂರು ಸಲ ಆಟ ಆಡಿದಳು. ಆಮೇಲೆ ಅದನ್ನು ತನ್ನ ಪಾದದ ಬೆರಳ ಸಂದಿಗೆ ಇಟ್ಟುಕೊಂಡಳು. ಅಲ್ಲೂ ಇಳಿಯಿತು.

"ನನ್ ಕಾಲಿಗೆ ಗೊತ್ತಾಗ್ದೇ ಇರೋದು ಈ ಹುಳೀಗೆ ಗೊತ್ತಾಯ್ತದಲ್ಲ ಮಗ" ಅಂದಳು. ನಾನು ಏನೂ ಹೇಳಲಿಲ್ಲ.

ಸೆನ್ಸರನ್ನು ಹಾಗೇ ಗಾರೆಯಲ್ಲಿ ಹೂಳಬಾರದು. ಬಳುಕೋ ಪೈಪಿನೊಳಗೆ ತೂರಿಸಿ, ಪೈಪಿನ ತುದಿಗೆ ಟೇಪ್ ಸುತ್ತಿ, ವಯರಿನ ಎರಡು ಸುತ್ತುಗಳ ನಡುವೆ ಸರಿಯಾಗಿ ಮಧ್ಯಕ್ಕೆ ಇಡಬೇಕು. ನಾಳೆ ಕೆಟ್ಟರೆ ಎಳೆದು ಬೇರೆ ಹಾಕಬಹುದು. ನಾನು ಬಾತ್‌ರೂಮ್ ಬಾಗಿಲ ಹತ್ತಿರ ಜಾಗ ತೋರಿಸಿದೆ, ಥರ್ಮೋಸ್ಟಾಟ್ ಡಬ್ಬಿಗೆ ಅದೇ ಹತ್ತಿರ. ಎಲೆಕ್ಟ್ರಿಷಿಯನ್ ಅಣ್ಣ ನನ್ನ ಮಾತು ಕೇಳಿಸಿಕೊಂಡು, ಅಜ್ಜಿ ಕಡೆ ತಿರುಗಿ, "ಅಜ್ಜಿ, ನೀವು ಜಾಸ್ತಿ ಕೂತ್ಕೊಳೋದು ಎಲ್ಲಿ?" ಅಂದ. ಅವಳು ಕಿಟಕಿ ತೋರಿಸಿದಳು, ಅವರೆಕಾಯಿ ಬಿಡಿಸೋ ಜಾಗ. "ಅಲ್ಲಿಗೂ ಒಂದು ಖಾಲಿ ಪೈಪ್ ಬಿಟ್ಟಿರ್ತೀನಿ ಸಾರ್, ಇರ್ಲಿ" ಅಂದ. ನನಗೆ ದಂಡ ಅನ್ನಿಸಿತ್ತು.

ಥರ್ಮೋಸ್ಟಾಟಿನ ಮೆನುವಿನಲ್ಲಿ ಗಾಳಿಯ ಬಿಸಿ ನೋಡು, ನೆಲದ ಬಿಸಿ ನೋಡು, ಎರಡನ್ನೂ ನೋಡು ಅಂತ ಮೂರು ಆಯ್ಕೆ ಇರುತ್ತೆ. ಅಕ್ಕ ಗಾಳಿಯದ್ದು ಹಾಕು ಅಂದಳು. ಅವಳ ಮನೆಯ ಕಿಟಕಿ ಬಾಗಿಲು ಮುಚ್ಚಿರುತ್ತೆ. ನಮ್ಮನೆ ಮುಂಬಾಗಿಲು ಬೆಳಗ್ಗೆ ಐದಕ್ಕೆ ತೆಗೆದರೆ ಮುಚ್ಚೋದು ರಾತ್ರಿ ಒಂಬತ್ತಕ್ಕೆ. ಬೆಟ್ಟದ ಗಾಳಿ ಒಳಗೇ ಓಡಾಡುತ್ತಿದ್ದರೆ ಹೀಟರ್ ನಿಲ್ಲೋದೇ ಇಲ್ಲ, ನೆಲ ಕಾಯ್ತಾನೇ ಹೋಗುತ್ತೆ. ಅದಕ್ಕೆ ನೆಲದ ಬಿಸಿ ಅಂತ ಹಾಕಿದೆ, ಗರಿಷ್ಠ ಮಿತಿ 28ಕ್ಕೆ ಕಟ್ಟಿದೆ. ಜನ ಓಡಾಡೋ ನೆಲಕ್ಕೆ ಯುರೋಪಿನ ಸ್ಟ್ಯಾಂಡರ್ಡ್ ಇಟ್ಟಿರೋ ಮಿತಿಯೇ 29 ಡಿಗ್ರಿ. ಗುಳ್ಳೆ ಏಳೋಕೆ ಕುದಿಯೋ ನೀರೇ ಬೇಕು ಅಂತಿಲ್ಲ. 44 ಡಿಗ್ರಿಯಷ್ಟು ಬಿಸಿಗೆ ಚರ್ಮ ಆರು ಗಂಟೆ ತಾಗಿಕೊಂಡಿದ್ದರೂ ಸುಡುತ್ತೆ ಅಂತ 1947ರಲ್ಲೇ ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ವೆಸ್ ತೋರಿಸಿದ್ದರು. ನಾವಾದರೆ ಹತ್ತು ನಿಮಿಷಕ್ಕೆ ಕಾಲು ಎಳೆದುಕೊಳ್ತೀವಿ. ಅಜ್ಜಿ ಎಳೆದುಕೊಳ್ಳಲ್ಲ.

ಗಾರೆ ಆರಲಿ ಅಂತ ನಾಲ್ಕು ವಾರ ಬಿಟ್ಟು ಆನ್ ಮಾಡಿದೆವು. ಬೆಳಗ್ಗೆ ಐದರಿಂದ ಏಳೂವರೆ, ಸಂಜೆ ಆರರಿಂದ ಒಂಬತ್ತು. ಅಜ್ಜಿಗೆ ಪಾದದಲ್ಲಿ ಗೊತ್ತಾಗಲಿಲ್ಲ. ಕೂತು ಅಂಗೈ ಊರಿ ನೋಡಿ, "ಕರು ಮಲಗಿ ಎದ್ದೋದ ಜಾಗ ಇದ್ದಂಗೈತೆ" ಅಂದಳು. ನಾನು ಖುಷಿಯಾಗಿ ಬೆಂಗಳೂರಿಗೆ ಬಂದೆ.

ಎರಡು ವಾರ ಬಿಟ್ಟು ಶನಿವಾರ ರಾತ್ರಿ ಊರಿಗೆ ಹೋದರೆ ಮಂಚ ಖಾಲಿ. ಅಜ್ಜಿ ಕಿಟಕಿ ಕೆಳಗೆ ಚಾಪೆ ಹಾಸಿ, ಮೇಲೆ ಎರಡು ಕೌದಿ ಮಡಚಿ ಹಾಕಿಕೊಂಡು ಮಲಗಿದ್ದಳು. "ದಿನಾ ಏಳೂವರೆಗೇ ಅಲ್ಲೇ ಮಲಗ್ತಾರೆ, ಮಂಚ ಬೇಡ್ವಂತೆ" ಅಂದಳು ಅಮ್ಮ. ಬೆಚ್ಚಗಿರೋ ನೆಲ ಮಾಡಿಕೊಟ್ಟರೆ ಎಪ್ಪತ್ತು ವರ್ಷ ನೆಲದ ಮೇಲೆ ಮಲಗಿದವಳು ಮಂಚದ ಮೇಲೆ ಯಾಕೆ ಮಲಗ್ತಾಳೆ? ಇದು ನನಗೆ ಹೊಳೆದೇ ಇರಲಿಲ್ಲ.

ಗೋಡೆಯ ಡಿಸ್‌ಪ್ಲೇ 28 ಅಂತಿತ್ತು. ಅವಳನ್ನು ಎಬ್ಬಿಸಿ, ಚಾಪೆ ಕೆಳಗೆ ಥರ್ಮಾಮೀಟರ್ ತೂರಿಸಿದೆ. 38.

ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಅದು ಇದ್ದದ್ದು ಬಾತ್‌ರೂಮ್ ಬಾಗಿಲಲ್ಲಿ. ಅಲ್ಲಿ ನೆಲ ಬರೀ ಬರಿದಾಗಿ ಗಾಳಿಗೆ ಬಿಸಿ ಬಿಟ್ಟುಕೊಡುತ್ತಿತ್ತು, ಅದನ್ನು 28ಕ್ಕೆ ತರೋಕೆ ಥರ್ಮೋಸ್ಟಾಟ್ ಕರೆಂಟ್ ಕೊಡುತ್ತಿತ್ತು. ಅದೇ ಕರೆಂಟಿಗೆ ಕೌದಿಯ ಕೆಳಗಿನ ಬಿಸಿ ಹೊರಗೆ ಹೋಗೋಕಾಗದೆ ಹತ್ತು ಡಿಗ್ರಿ ಮೇಲೆ ಹತ್ತಿತ್ತು. ನಾನೇನಾದರೂ ಅಕ್ಕನ ಬಾತ್‌ರೂಮಿನಂತೆ ಮಿತಿಯನ್ನು ಮೇಲೆ ಇಟ್ಟಿದ್ದರೆ? ಆ ಲೆಕ್ಕ ಹಾಕುತ್ತಾ ಅಜ್ಜಿಯ ಹಿಮ್ಮಡಿಗೆ ಟಾರ್ಚ್ ಬಿಟ್ಟು ನೋಡಿದೆ. ಕೆಂಪಾಗಿರಲಿಲ್ಲ. ಅಮ್ಮ ನೋಡಿದಳು, ಆಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಅಜ್ಜಿಗೆ ನಿದ್ದೆಗಣ್ಣಿನಲ್ಲೇ ಸಿಟ್ಟು. "ಏನ್ರೋ ಅದು, ಕಾಲ್ಗೆ ಮಂಗಳಾರ್ತಿ ಎತ್ತಂಗೆ."

ಆ ರಾತ್ರಿ ಪಾಲ್ ಬ್ರಾಂಡ್ ನೆನಪಾದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಸಿಎಂಸಿಗೆ ಬಂದ ಸರ್ಜನ್. ಕುಷ್ಠರೋಗಿಗಳ ಬೆರಳು, ಪಾದ ಹಾಳಾಗೋದಕ್ಕೆ ದೊಡ್ಡ ಕಾರಣ ನೋವೇ ಗೊತ್ತಾಗದಿರೋದು ಅಂತ ತೋರಿಸಿಕೊಟ್ಟವರು. ಆಮೇಲೆ ಅಮೆರಿಕಕ್ಕೆ ಹೋಗಿ ಕೃತಕ ನೋವನ್ನೇ ಮಾಡೋಕೆ ನೋಡಿದರು, ಗ್ಲೋವ್ಸಿನಲ್ಲಿ, ಸಾಕ್ಸಿನಲ್ಲಿ ಸೆನ್ಸರ್ ಇಟ್ಟು. ಅಪಾಯ ಬಂದಾಗ ಸದ್ದು ಮಾಡಿದರೆ ರೋಗಿಗಳು ಕೇಳಿಸಿಕೊಂಡು ಸುಮ್ಮನಾದರು. ಶಾಕ್ ಕೊಟ್ಟರೆ, ಅಪಾಯದ ಕೆಲಸ ಮಾಡೋವಾಗ ಸ್ವಿಚ್ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡಿಕೊಂಡರು. ಕೊನೆಗೆ ಅವರು ಆ ಪ್ರಯತ್ನ ಕೈಬಿಟ್ಟರು. ಅಜ್ಜಿಗೆ ಅಲಾರಂ ಹಾಕಿದರೆ ಅವಳೂ ಇಷ್ಟೇ ಮಾಡ್ತಾಳೆ. ಅಲ್ಲಿ ಮಲಗಬೇಡ ಅಂದರೆ ನಾನು ಬೆಂಗಳೂರು ಬಸ್ ಹತ್ತೋವರೆಗೆ ಮಾತ್ರ ಕೇಳ್ತಾಳೆ.

ಭಾನುವಾರ ಬೆಳಗ್ಗೆ ಎಲೆಕ್ಟ್ರಿಷಿಯನ್ ಅಣ್ಣನಿಗೆ ಫೋನ್ ಮಾಡಿದೆ. ಬಂದ, ಮೇನ್ ಆಫ್ ಮಾಡಿ ಡಬ್ಬಿ ಬಿಚ್ಚಿದ, ಬಾಗಿಲ ಪೈಪಿನಿಂದ ಸೆನ್ಸರನ್ನು ಮೆಲ್ಲಗೆ ಎಳೆದು, ಕಿಟಕಿಯ ಖಾಲಿ ಪೈಪಿಗೆ ತೂರಿಸಿದ. ಬಾಲ ಸಾಲದೆ ಒಂದೂವರೆ ಮೀಟರ್ ವಯರ್ ಬೆಸುಗೆ ಹಾಕಿ ಸೇರಿಸಿದ, ಜೋಡಣೆ ಡಬ್ಬಿಯೊಳಗೇ ಇರುವ ಹಾಗೆ. ಇಪ್ಪತ್ತು ನಿಮಿಷದ ಕೆಲಸ. "ನಾನು ಹೇಳಿರ್ಲಿಲ್ವಾ" ಅಂತ ಒಂದು ಮಾತು ಅನ್ನಲಿಲ್ಲ, ಅನ್ನಬಹುದಿತ್ತು.

ಆ ರಾತ್ರಿ ಅಜ್ಜಿ ಮಾಮೂಲಿನಂತೆ ಏಳೂವರೆಗೆ ಚಾಪೆ ಹಾಸಿದಳು. ನಾನು ಗೋಡೆ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. 27, 28. ಟಕ್ ಅಂತ ಸದ್ದಾಯಿತು, ಆಫ್. ಎಂಟು ಗಂಟೆಗೆ 29. ಎಂಟೂವರೆಗೆ 30, ಹೀಟರ್ ಆಫಲ್ಲೇ ಇದೆ. ತಲೆ ಕೆರೆದುಕೊಂಡೆ, ಮತ್ತೆ ಹೊಳೆಯಿತು. ಈಗ ನೆಲ ಕಾಯಿಸುತ್ತಿದ್ದುದು ಕರೆಂಟಲ್ಲ, ಕೌದಿಯೊಳಗೆ ಮಲಗಿದ್ದ ಅಜ್ಜಿ. ಅವಳು ಅಲ್ಲಿರೋವರೆಗೆ ಥರ್ಮೋಸ್ಟಾಟಿಗೆ ಕೆಲಸವೇ ಇಲ್ಲ.

ಈ ಸಂಕ್ರಾಂತಿಗೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ಬೆಟ್ಟದ ಮೇಲೆ ತೀರ್ಥ ಉಕ್ಕೋದನ್ನು ನೋಡಲು ಬಂದ ಜನ ಇನ್ನೂ ಇಳಿಯುತ್ತಿದ್ದರು, ರಸ್ತೆಯ ಗಲಾಟೆ ಒಳಗೇ ಕೇಳಿಸುತ್ತಿತ್ತು. "ಅಜ್ಜಿ, ನಾನು ಕೊಡಿಸಿದ ಹೀಟರ್ ಹೆಂಗಿದೆ? ರಾತ್ರಿ ಬೆಚ್ಚಗಿರುತ್ತಾ?"

"ಶಾನೆ ಬೆಚ್ಚಗಿರ್ತದೆ ಕಣವ್ವ" ಅಂದಳು ಅಜ್ಜಿ. "ರಾತ್ರಿಯೆಲ್ಲಾ ಉರೀತದೆ, ಪಾಪ."

ಅಮ್ಮ ನನ್ನ ಮುಖ ನೋಡಿದಳು. ನಾನು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೆ.