‘ಸಾ’ ದಾಟುವ ಅವಸರವೇಕೆ?

ಮಕ್ಕಳನ್ನು ಸಂಗೀತ ಪಾಠಕ್ಕೆ ಹಚ್ಚಿದ ಪಾಲಕರ ಮಾತು ಬಾಗಲಕೋಟೆಯಲ್ಲಾಗಲಿ ಬಾದಾಮಿಯಲ್ಲಾಗಲಿ ಒಂದೇ ಬಗೆಯದು. ‘ಆರು ತಿಂಗಳಾತ್ರೀ, ಇನ್ನೂ ಸಾ ಅನ್ನೂದರಾಗ ಅದಾನ. ಗ್ಯಾದರಿಂಗಿಗೆ ಒಂದು ಹಾಡರ ಬ್ಯಾಡೇನು?’ ಮಕ್ಕಳ ದೂರು ಇನ್ನೊಂದು: ತಂಬೂರಿ ಬರೀ ‘ಗುಂಯ್’ ಅನ್ನುತ್ತದೆ, ಅದರಲ್ಲಿ ಬೇರೇನೂ ಆಗುವುದಿಲ್ಲ. ಆ ‘ಗುಂಯ್’ನಲ್ಲಿ ಏನೇನು ಆಗುತ್ತದೆ ಎಂಬುದನ್ನೇ ಈ ವಾರ ನೋಡೋಣ.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನವೆರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಶ್ರುತಿ ಚೆನ್ನಾಗಿ ಕೂಡಿದ ತಂಬೂರಿಯ ಪಕ್ಕ ಕಣ್ಣು ಮುಚ್ಚಿ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಗಾಂಧಾರ ಕೇಳಿಸತೊಡಗುತ್ತದೆ. ಗಾಯಕರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಇದರಲ್ಲಿ ಮಾಯಮಂತ್ರವೇನೂ ಇಲ್ಲ. ತಂತಿಯೊಂದು ಸೆಕೆಂಡಿಗೆ 100 ಸಲ ಕಂಪಿಸುವಾಗ ಅದರ ಜೊತೆಗೇ 200, 300, 400, 500 ಸಲದ ಸಣ್ಣ ಕಂಪನಗಳೂ ಏಳುತ್ತವೆ. 200 ಮತ್ತು 400 ಮೇಲಿನ ಷಡ್ಜಗಳು, 300 ಪಂಚಮ, 500 ಗಾಂಧಾರ. ತಂಬೂರಿಯ ಅಗಲವಾದ ಕುದುರೆ, ತಂತಿಯ ಕೆಳಗೆ ಸಿಕ್ಕಿಸುವ ನೂಲಿನೆಳೆ ಇವೆರಡೂ ಸೇರಿ ಈ ಸಣ್ಣ ದನಿಗಳನ್ನು ಮೇಲಕ್ಕೆತ್ತುತ್ತವೆ. ಸಿ.ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಯ ಕುದುರೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ತಂತಿಯನ್ನು ಇಂಥ ಜಾಗದಲ್ಲಿ ಮೀಟಿದರೆ ಇಂಥ ಉಪಸ್ವರ ಹುಟ್ಟಬಾರದೆಂದು ಯುರೋಪಿನ ವಿಜ್ಞಾನಿಗಳ ನಿಯಮ ಹೇಳುತ್ತಿತ್ತು. ನಮ್ಮ ವಾದ್ಯಗಳಲ್ಲಿ ಅದು ಜೋರಾಗಿಯೇ ಹುಟ್ಟುತ್ತದೆಂದು ಅವರು ತೋರಿಸಿದರು. ಪಿಯುಸಿ ವಿಜ್ಞಾನದ ಹುಡುಗರು ತಂತಿಯ ಕಂಪನದ ಪಾಠವನ್ನು ತಂಬೂರಿ ಎದುರಿಗಿಟ್ಟುಕೊಂಡು ಓದಿದರೆ ಉರು ಹೊಡೆಯುವ ಕಷ್ಟ ಅರ್ಧ ಇಳಿದೀತು.

ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಗಡಿಯಾಚೆಯ ಮಿರಜದಲ್ಲಿ ನೆಲೆಸಿದವರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೊಂದು ಸ್ವರವನ್ನೂ ನಿಂತು ನೋಡುತ್ತ ಸಾಗುವುದು ಈ ಘರಾಣೆಯ ರೀತಿ. ಇದೇ ಮನೆತನದ ಅಬ್ದುಲ್ ವಹೀದ್ ಖಾನರ ಶಿಷ್ಯ ಪಂಡಿತ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಅವರ ಮುಂದೆ ಶಿಷ್ಯರಾಗಿ ಕುಳಿತವರು ಅಷ್ಟರಲ್ಲಾಗಲೇ ಹೆಸರು ಮಾಡಿದ್ದ ಲಾ ಮಾಂಟೆ ಯಂಗ್ ಮತ್ತು ಟೆರಿ ರೈಲಿ. ಯಂಗ್ 1960ರಲ್ಲಿ ರಚಿಸಿದ್ದ ಒಂದು ಕೃತಿಯಲ್ಲಿ ಇರುವುದೇ ಎರಡು ಸ್ವರ. ಅವನ್ನು ಬಹಳ ಹೊತ್ತು ಹಿಡಿದಿಡಬೇಕು, ಅಷ್ಟೆ. ನಮ್ಮ ಲೆಕ್ಕದಲ್ಲಿ ಅದು ಸಾ–ಪಾ! ರೈಲಿಯ 1964ರ ‘ಇನ್ ಸಿ’ಯಲ್ಲಿ 53 ತುಣುಕುಗಳು, ನುಡಿಸುವವರು ಒಂದೊಂದನ್ನೂ ತಮಗೆ ಬೇಕಾದಷ್ಟು ಸಲ ನುಡಿಸಿ ಮುಂದೆ ಹೋಗುತ್ತಾರೆ. ಇಂಥ ಸಂಗೀತಕ್ಕೆ ಮಿನಿಮಲಿಸಂ ಎಂಬ ಹೆಸರು ಬಿತ್ತು. ಆ ಹೆಸರಿನಲ್ಲಿ ಬಂದದ್ದೆಲ್ಲ ಕೇಳುವಂಥದೆಂದು ನಾನು ಹೇಳಲಾರೆ. ಕೆಲವನ್ನು ಕೇಳುವಾಗ ಮನೆಯ ಫ್ಯಾನಿನ ಸದ್ದೇ ವಾಸಿ ಎನಿಸುತ್ತದೆ.

ಇದು ದೂರದವರ ಖಯಾಲಿ ಎಂದುಕೊಳ್ಳಬೇಡಿ. ಇಳಕಲ್ಲಿನಲ್ಲಿ ಅಕ್ಕಪಕ್ಕದ ಎರಡು ಕುಣಿಮಗ್ಗ ಒಟ್ಟಿಗೆ ನಡೆಯುವಾಗ ಕಿವಿಗೊಡಿ. ಎರಡರ ಸದ್ದೂ ಒಮ್ಮೆ ಕೂಡಿ ಬೀಳುತ್ತದೆ, ಒಂದು ತುಸು ಮುಂದೆ ಹೋಗುತ್ತದೆ, ನಡುವೆ ಹೊಸದೊಂದು ತಾಳ ಹುಟ್ಟುತ್ತದೆ, ಮತ್ತೆ ಕೂಡುತ್ತದೆ. ಅಮೆರಿಕದ ಸ್ಟೀವ್ ರೀಚ್ 1967ರಲ್ಲಿ ಎರಡು ಪಿಯಾನೊ ಇಟ್ಟು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಇನ್ನು ಹುನಗುಂದದ ಕಡೆ ಭಜನೆಗೆ ಕೂತವರ ಕೈಯಲ್ಲಿನ ಏಕತಾರಿ ರಾತ್ರಿಯಿಡೀ ಒಂದೇ ಸ್ವರ ಹಿಡಿದಿರುತ್ತದೆ. ತತ್ವಪದ ಅದರ ಮೇಲೆ ನಡೆಯುತ್ತದೆ. ತನ್ನ ದೇಹವನ್ನೇ ತಂತಿವಾದ್ಯವಾಗಿಸೆಂದು ಬೇಡಿದ ಬಸವಣ್ಣನವರ ಕೂಡಲಸಂಗಮವೂ ಅದೇ ತಾಲೂಕಿನದು.

ಮಕ್ಕಳು ಮನೆಯಲ್ಲಿ ಹೀಗೆ ಮಾಡಿ ನೋಡಬಹುದು. ಟಿ.ವಿ. ಆರಿಸಿ ಹತ್ತು ನಿಮಿಷ ತಂಬೂರಿ ಹಾಕಿಕೊಳ್ಳಿ. ಮೊಬೈಲಿನದಾದರೂ ಆದೀತು, ಆದರೆ ಅದರ ಚಿಕ್ಕ ಸ್ಪೀಕರಿನಲ್ಲಿ ಮಂದ್ರ ಸರಿಯಾಗಿ ಕೇಳುವುದಿಲ್ಲ, ಇಯರ್‌ಫೋನ್ ಬಳಸಿ. ಮೊದಲ ದಿನ ಮಂದ್ರದ ತಂತಿಯೊಂದನ್ನೇ ಹಿಂಬಾಲಿಸಿ. ಮೂರ್ನಾಲ್ಕು ದಿನದ ಮೇಲೆ ಅದು ಅಡಗುತ್ತಾ ಹೋಗುವಾಗ ಏನು ಉಳಿಯುತ್ತದೆಂದು ಗಮನಿಸಿ. ಗಾಂಧಾರ ಸಿಕ್ಕಿದರೆ ಮೆಲ್ಲಗೆ ದನಿಗೂಡಿಸಿ. ಸಿಗದಿದ್ದರೆ ಗಾಬರಿ ಬೇಡ, ಕೆಲವರಿಗೆ ವಾರಗಳೇ ಬೇಕು. ಪಾಲಕರೂ ಜೊತೆಗೆ ಕೂರಲಿ, ‘ಕೇಳಿಸ್ತೇನು?’ ಎಂದು ನಡುನಡುವೆ ಕೇಳದಿದ್ದರಾಯಿತು.

ಗ್ಯಾದರಿಂಗಿನ ವಿಷಯ. ಈ ವರ್ಷ ಹಾಡು ಬೇಡ. ಮೇಲಿನ ತರಗತಿಯವರು ಹಾಡುವಾಗ ಹಿಂದೆ ಕುಳಿತು ತಂಬೂರಿ ಮೀಟಲು ನಿಮ್ಮ ಮಗುವಿಗೆ ಅವಕಾಶ ಕೊಡಿರೆಂದು ಗುರುಗಳನ್ನು ಕೇಳಿ. ಒಪ್ಪಿದರೆ ಅರ್ಧ ಗಂಟೆ ಮೊದಲೇ ಕರೆದೊಯ್ಯಿರಿ. ನಮ್ಮ ಕಡೆಯ ಬಿಸಿಲಿಗೆ ತಂತಿ ಇಳಿದಿರುತ್ತದೆ, ಶ್ರುತಿ ಕೂಡಿಸಲು ಹೊತ್ತು ಬೇಕಾಗುತ್ತದೆ.