ಧ್ವನಿವರ್ಧಕಕ್ಕೆ ಕಡಿವಾಣ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ನಾಟಕದ ನಡುವೆಯೇ, ಎರಡು ಧ್ವನಿವರ್ಧಕಗಳು ಮೂಕವಾದುವು. ಬಾಡಿಗೆಗೆ ತಂದವರು ವಿದ್ಯುತ್ತಿನ ಏರಿಳಿತವನ್ನು ದೂರಿದರು. ಮರುದಿನ ಬಿಚ್ಚಿ ನೋಡಿದಾಗ ಒಳಗಿನ ಸುರುಳಿ ಕಪ್ಪಾಗಿ, ತಂತಿ ಕಡಿದುಹೋಗಿದ್ದಿತು. ಧ್ವನಿಯನ್ನು ಹಂಚಿಕೊಡುವ ಕಂಟ್ರೋಲರು ಅಲ್ಲಿಯೇ ಇದ್ದಿತು, ಅದರೊಳಗೆ ಲಿಮಿಟರೂ ಇದ್ದಿತು. ಆದರೆ ಅದನ್ನು ಏನನ್ನೂ ತಡೆಯದ ಸ್ಥಿತಿಯಲ್ಲಿಯೇ ಬಿಟ್ಟಿದ್ದರು. ಕಾವಲಿಗೆ ನಾಯಿ ಸಾಕಿ ಬಾಯಿಗೆ ಬಟ್ಟೆ ಕಟ್ಟಿದಂತಾಯಿತು.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ವಿವರಿಸಿದ ಚಲಿಸುವ ಸುರುಳಿಯ ರಚನೆಯೇ ಇಂದಿಗೂ ಬಹುಪಾಲು ಧ್ವನಿವರ್ಧಕಗಳ ಜೀವಾಳ. ಕೊಟ್ಟ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಕೆಲವೇ ಪಾಲು ಶಬ್ದವಾಗುವುದು; ಮಿಕ್ಕದ್ದು ಬಹುತೇಕ ಸುರುಳಿಯಲ್ಲಿ ಶಾಖವಾಗುವುದು. ತಾಮ್ರದ ರೋಧವು ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.39ರಷ್ಟು ಏರುವುದರಿಂದ, 150 ಡಿಗ್ರಿ ಕಾದ ಸುರುಳಿಯ ರೋಧ ಒಂದೂವರೆಪಟ್ಟು ಮೀರುತ್ತದೆ. ಆಗ ಧ್ವನಿ ತಾನಾಗಿ ಕುಗ್ಗುವುದು. ನಿರ್ವಾಹಕನು ಗುಂಡಿಯನ್ನು ಇನ್ನಷ್ಟು ತಿರುಗಿಸುವನು. ಆದುದರಿಂದ ಲಿಮಿಟರನ್ನು ಕಿವಿಯಿಂದ ಹೊಂದಿಸಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಸುರುಳಿಯ ಕಾವು ಕಿವಿಗೆ ಕೇಳಿಸುವುದಿಲ್ಲ.

ಬೇಕಾದುದು ಪ್ರೌಢಶಾಲೆಯ ಗಣಿತವಷ್ಟೆ. 8 ಓಮಿನ, 400 ವ್ಯಾಟಿನ ಧ್ವನಿವರ್ಧಕವೆಂದಿಟ್ಟುಕೊಳ್ಳೋಣ. ಎಚ್ಚರಿಕೆಗಾಗಿ ದೀರ್ಘಕಾಲದ ಮಿತಿಯನ್ನು 200 ವ್ಯಾಟಿಗೆ ನಿಲ್ಲಿಸೋಣ. 200ನ್ನು 8ರಿಂದ ಗುಣಿಸಿದರೆ 1600. ಅದರ ವರ್ಗಮೂಲ 40 ವೋಲ್ಟ್. ಆಂಪ್ಲಿಫೈಯರು 40 ಪಟ್ಟು ವರ್ಧಿಸುವುದಾದರೆ, ಕಂಟ್ರೋಲರಿನಿಂದ 1 ವೋಲ್ಟಿಗಿಂತ ಹೆಚ್ಚು ಬಹುಕಾಲ ಹೊರಡಕೂಡದು. ಧ್ವನಿವರ್ಧಕವನ್ನು ಕಳಚಿ, ಒಂದೇ ಸ್ವರವನ್ನು ಕೊಟ್ಟು, ಮೀಟರಿನಿಂದ ಇದನ್ನು ಪರೀಕ್ಷಿಸಬಹುದು. (ಅಗ್ಗದ ಮೀಟರುಗಳು 50 ಹರ್ಟ್ಸಿನ ಆಸುಪಾಸಿನಲ್ಲಿ ನಿಜ ನುಡಿಯುತ್ತವೆ, ಎತ್ತರದ ಸ್ವರಗಳಲ್ಲಿ ತಪ್ಪಬಹುದು.) ಆಂಪ್ಲಿಫೈಯರಿನ ಗುಂಡಿ ಮಾತ್ರ ಪೂರ್ತಿ ತೆರೆದಿರಬೇಕು. ಅರೆ ತೆರೆದು ಹೊಂದಿಸಿದರೆ, ನಾಳೆ ಯಾರೋ ಅದನ್ನು ತಿರುಗಿಸುವರು, ನಮ್ಮ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಾಲದ ವಿಚಾರವೂ ಉಂಟು. ಎತ್ತರದ ಸ್ವರಗಳ ಪುಟ್ಟ ಸುರುಳಿ ಬಹು ಬೇಗ ಕಾಯುತ್ತದೆ. ತಗ್ಗು ಸ್ವರಗಳ ದಪ್ಪ ಸುರುಳಿಗೆ ಹಲವು ಸೆಕೆಂಡುಗಳು ಬೇಕು. ಒಂದೇ ಹೊಂದಾಣಿಕೆಯನ್ನು ಎರಡಕ್ಕೂ ಹಾಕುವುದು ಸೋಮಾರಿತನವೇ ಸರಿ. ಕ್ಷಣಿಕ ಶಿಖರಗಳಿಗೆ ಬೇರೆಯೇ ಚುರುಕಾದ ಲಿಮಿಟರು ಬೇಕು. ಏಕೆಂದರೆ ಆಂಪ್ಲಿಫೈಯರು ತಾಳಲಾರದೆ ತರಂಗದ ತಲೆಯನ್ನು ಕತ್ತರಿಸಿ ಚೌಕವಾಗಿಸಿದರೆ, ಶಿಖರ ಅಷ್ಟೇ ಇದ್ದರೂ ಶಕ್ತಿಯು ಸೈನ್ ತರಂಗದ ಎರಡರಷ್ಟಾಗುವುದು. ಅತಿ ತಗ್ಗಿನ ಸ್ವರಗಳನ್ನು ಮೊದಲೇ ಸೋಸಿಬಿಡುವುದೂ ಅಗತ್ಯ: ಅಷ್ಟೇ ಗಟ್ಟಿಯಾದ ಧ್ವನಿಗೆ, ಆವರ್ತಾಂಕ ಅರ್ಧವಾದಂತೆ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ.

ಲಿಮಿಟರು ಬಂದರೆ ಧ್ವನಿಯ ಕಸುವು ಹೋಗುವುದೆಂಬುದು ನಿರ್ವಾಹಕರ ಆಕ್ಷೇಪಣೆ. ಅರ್ಧ ಶಕ್ತಿಯನ್ನು ಬಿಟ್ಟುಕೊಟ್ಟರೆ ನಷ್ಟವಾಗುವುದು 3 ಡೆಸಿಬೆಲ್. ಹಿಂದಿನ ಸಾಲಿನ ಶ್ರೋತೃವಿಗೆ ಅದು ಕಷ್ಟಪಟ್ಟರೆ ಗೊತ್ತಾದೀತು. ಇನ್ನೂ ಗಟ್ಟಿ ಬೇಕಾದರೆ ಪೆಟ್ಟಿಗೆಗಳನ್ನು ಹೆಚ್ಚಿಸಲಿ, ಅಥವಾ ಸಭಿಕರ ಹತ್ತಿರಕ್ಕೆ ತರಲಿ. ನೆರೆಹೊರೆಯವರ ನಿದ್ರೆಯನ್ನು ಈ ಲಿಮಿಟರು ಕಾಯುವುದಿಲ್ಲ. ಅದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಬೇರೆ ಇವೆ.

ಈ ಸಲದ ಬಾಡಿಗೆಯ ಕರಾರಿನಲ್ಲಿ ಮೂರು ಅಂಕಿಗಳನ್ನು ಬರೆಯಿಸಬೇಕೆಂದು ನಮ್ಮ ಸಮಿತಿಗೆ ಸೂಚಿಸಿದ್ದೇನೆ: ಧ್ವನಿವರ್ಧಕದ ಓಮ್, ಆಂಪ್ಲಿಫೈಯರಿನ ವರ್ಧನೆ, ಲಿಮಿಟರಿನ ವೋಲ್ಟ್. ಮೊದಲು ಬಂದ ಬಾಡಿಗೆದಾರರಿಗೆ ಮೂರೂ ತಿಳಿದಿರಲಿಲ್ಲ. ಎರಡನೆಯವರು ಮೀಟರನ್ನು ತಂದಿದ್ದರು.