ಒತ್ತಡ ಹಾಕಿದರೆ ವಜ್ರ ಸರಿ, ಬ್ಯಾಟರಿ?

ಮೊನ್ನೆ ಟೀಮ್ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಹೇಳಿದ್ರು: "ಪ್ರೆಷರ್ ಬಿದ್ದರೇನೇ ಕಾರ್ಬನ್ ವಜ್ರ ಆಗೋದು!" ಎಲ್ಲರೂ ತಲೆಯಾಡಿಸಿದೆವು. ರಿಲೀಸ್ ಹತ್ತಿರ ಬಂದಾಗ ಇನ್ನೇನು ಮಾಡೋಕಾಗುತ್ತೆ ಹೇಳಿ :)

ರಾತ್ರಿ ಮನೆಗೆ ಬಂದು ಮೊಬೈಲ್ ಚಾರ್ಜಿಗೆ ಹಾಕುವಾಗ ಹೊಳೆಯಿತು. ಈ ಬ್ಯಾಟರಿಯೊಳಗೆ ದುಡಿಯುತ್ತಿರೋದು ವಜ್ರವಲ್ಲ, ಗ್ರಾಫೈಟ್! ಅದೂ ಕಾರ್ಬನ್ನೇ. ಪದರ ಪದರವಾಗಿರುವುದರಿಂದ ಲಿಥಿಯಂ ಅಯಾನುಗಳು ನಡುವೆ ನುಸುಳಿ ಕೂರುತ್ತವೆ. ಅದನ್ನೇ ಅದುಮಿ ವಜ್ರ ಮಾಡಿದರೆ ಪದರವೂ ಇಲ್ಲ, ಜಾಗವೂ ಇಲ್ಲ, ವಿದ್ಯುತ್ತೂ ಹರಿಯಲ್ಲ.

ಬ್ಯಾಟರಿಯ ಇನ್ನೊಂದು ಬದಿಯ ಕಥೆ ಇನ್ನೂ ಸ್ವಾರಸ್ಯ. ಇವತ್ತು ಎಷ್ಟೋ ಎಲೆಕ್ಟ್ರಿಕ್ ಕಾರು, ಬಸ್ಸುಗಳಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡೆನಫ್ ಬರೆದ ಪ್ರಬಂಧದಿಂದ ಪ್ರಸಿದ್ಧವಾದ ವಸ್ತು. ಇದರ ಹರಳಿನ ರಚನೆಗೆ ಆಲಿವೀನ್ ಅಂತ ಹೆಸರು. ಲಿಥಿಯಂ ಓಡಾಡಲು ಅದರಲ್ಲಿ ಸುರಂಗದಂಥ ಕಿರುದಾರಿಗಳಿವೆ.

ಇದನ್ನು 65 ಕಿಲೋಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು 65 ಸಾವಿರ ಪಟ್ಟು ಒತ್ತಡದಲ್ಲಿಟ್ಟು, 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ರಾಸಾಯನಿಕ ಸೂತ್ರ ಅದೇ, ಒಂದು ಪರಮಾಣುವೂ ಕಮ್ಮಿಯಾಗಿಲ್ಲ. ಸಾಂದ್ರತೆಯಂತೂ ಹೆಚ್ಚಾಯಿತು. ಆದರೆ ಪರಮಾಣುಗಳು ಹೊಸದಾಗಿ ಜೋಡಣೆಯಾಗಿ ಆ ಕಿರುದಾರಿಗಳು ಮುಚ್ಚಿಹೋದವು. ಲಿಥಿಯಂ ಒಳಗೇ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಬ್ಯಾಟರಿಗೆ ಅದು ಕೆಲಸಕ್ಕೆ ಬಾರದ ವಸ್ತು. ಒತ್ತಡ ತೆಗೆದ ಮಾತ್ರಕ್ಕೆ ಹಳೇ ರೂಪಕ್ಕೆ ತಾನಾಗೇ ಮರಳುವುದೂ ಇಲ್ಲ.

ಹಾಗಂತ ಒತ್ತಡವೇ ಬೇಡ ಅಂತ ನಾನು ಹೇಳ್ತಿಲ್ಲ. ಕಾರ್ಖಾನೆಯಲ್ಲಿ ವಿದ್ಯುದ್ವಾರದ ಹಾಳೆಯನ್ನು ರೋಲರುಗಳ ನಡುವೆ ಹಾಯಿಸಿ ಒತ್ತುತ್ತಾರೆ, ಕಣಗಳು ಒಂದಕ್ಕೊಂದು ತಾಗಿರಲಿ ಅಂತ. ಆದರೆ ದ್ರಾವಣ ಇಳಿಯಲು ಸಣ್ಣ ರಂಧ್ರಗಳನ್ನು ಉಳಿಸಿಯೇ ಒತ್ತುತ್ತಾರೆ. ಎಷ್ಟು ಒತ್ತಬೇಕು ಅನ್ನೋದರ ಜೊತೆಗೆ ಎಲ್ಲಿ ನಿಲ್ಲಿಸಬೇಕು ಅನ್ನೋದೂ ಅವರಿಗೆ ಗೊತ್ತು.

ನಮ್ಮಲ್ಲಿ ಅದು ಗೊತ್ತಿರುವವರು ಕಮ್ಮಿ. ಖಾಲಿ ಜಾಗ ಕಂಡರೆ ಸಾಕು, ಅಲ್ಲೊಂದು ಮೀಟಿಂಗ್ ತುರುಕುತ್ತಾರೆ. ನನ್ನ ಪಕ್ಕದ ಸೀಟಿನ ಗೆಳೆಯ ಹೋದ ರಿಲೀಸಿನಲ್ಲಿ ಮೂರು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೆಲಸ ಮುಗಿದು ಎರಡು ತಿಂಗಳಾಯಿತು. ಅದೇ ಮನುಷ್ಯ, ಅದೇ ಬುದ್ಧಿ. ಮೊದಲಿನ ಹಾಗೆ ಮಾತು ಮಾತ್ರ ಹೊರಗೆ ಬರುತ್ತಿಲ್ಲ.

ಮುಂದಿನ ಮೀಟಿಂಗಿನಲ್ಲಿ ವಜ್ರದ ಮಾತು ಬಂದರೆ ಈ ಕಥೆ ಹೇಳಬೇಕು ಅಂದುಕೊಂಡಿದ್ದೇನೆ. ಧೈರ್ಯ ಬರುತ್ತೋ ಇಲ್ಲವೋ ನೋಡೋಣ.